ಹಸಿಕಸಕ್ಕೆ ತರಗೆಲೆಯ ಜೊತೆ

ಬೆಳಿಗ್ಗೆ ಕಸದ ಆಟೊ ಬಂದಾಗ ಪಕ್ಕದ ಮನೆಯಾಕೆ ಕೇಳಿದರು: "ಸೊಪ್ಪಿನ ದಂಟು ತಗೋತಾರೆ, ಅಂಗಳ ಗುಡಿಸಿದ ಎಲೆ ಬೇಡ ಅಂತಾರೆ. ಎರಡೂ ಕೊಳೆಯೋದೇ ಅಲ್ವಾ ಸಾರ್?"

ಕೊಳೆಯುವುದು ನಿಜ, ಆದರೆ ಒಂದೇ ರೀತಿ ಅಲ್ಲ. ನಿಯಮವೂ ಎರಡನ್ನು ಬೇರೆಯಾಗಿಯೇ ಕಂಡಿತು. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮನೆಯ ಕಸವನ್ನು ಮೂರು ಪಾಲು ಮಾಡಿದವು. ಕೈತೋಟದ ಕಸವನ್ನು ಬೇರೆಯಾಗಿ ಮನೆಯ ಆವರಣದಲ್ಲೇ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕೆಂದವು. ಬೆಂಗಳೂರಿಗೆ ಅದಕ್ಕೂ ಮುಂಚೆ, 2015ರ ಡಿಸೆಂಬರಿನಲ್ಲೇ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ವಿಧಿಸಿತ್ತು. ನಗರದ ಕಸವನ್ನು ವರ್ಷಗಟ್ಟಲೆ ಹೊತ್ತ ಹೊರವಲಯದ ಮಂಡೂರಿನ ಜನ ಹೋರಾಡಿ ಲಾರಿಗಳನ್ನು ನಿಲ್ಲಿಸಿದ ಮೇಲೆ ಬಂದ ಎಚ್ಚರ ಅದು.

ಇನ್ನು ಕೊಳೆಯುವ ರೀತಿಯ ಮಾತು. ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಊಟದ ಲೆಕ್ಕ ಇದೆ. ಇಂಗಾಲ ಅವುಗಳ ಮುದ್ದೆ, ದುಡಿಯಲು ಬೇಕಾದ ಶಕ್ತಿ. ಸಾರಜನಕ ಕಾಳಿನ ಸಾರು, ಮೈ ಬೆಳೆಯಲು ಬೇಕಾದ ಪ್ರೋಟೀನಿನ ಮೂಲ. ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಸಿಕ್ಕರೆ ಅವು ಹದವಾಗಿ ಉಂಡು ಹೆಚ್ಚುತ್ತವೆ. ತರಗೆಲೆಯಲ್ಲಿ ಬರೀ ಮುದ್ದೆಯೇ ಜಾಸ್ತಿ, ಹಾಗಾಗಿ ಅದರ ರಾಶಿ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಸೊಪ್ಪು, ತರಕಾರಿಯ ಕಸದಲ್ಲಿ ಸಾರು ಜಾಸ್ತಿ, ನೀರೂ ಜಾಸ್ತಿ. ಮಿಕ್ಕ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ. ನೀರು ತುಂಬಿ ಗಾಳಿ ನಿಂತರೆ ಇನ್ನೊಂದು ಜಾತಿಯ ಜೀವಿಗಳು ಮೇಲುಗೈ ಪಡೆದು ಮೀಥೇನ್ ಹೊರಬಿಡುತ್ತವೆ. ಕಸದ ಗುಡ್ಡಗಳಿಗೆ ಬೆಂಕಿ ಬೀಳುವುದರ ಹಿಂದೆ ಈ ಅನಿಲದ ಪಾಲು ದೊಡ್ಡದು.

ಈ ಹದವನ್ನು ಶಾಸ್ತ್ರೀಯವಾಗಿ ಹಿಡಿದ ಕೆಲಸದಲ್ಲಿ ನಮ್ಮ ನೆಲದ್ದೇ ದೊಡ್ಡ ಪಾಲು ಎಂಬುದು ನನಗೆ ಹೆಮ್ಮೆ. ಕೃಷಿ ವಿಜ್ಞಾನಿಗಳಾದ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ಕಸವನ್ನು ಪದರ ಪದರವಾಗಿ ಪೇರಿಸಿ ಆಗಾಗ ಮಗುಚುವ ವಿಧಾನ ರೂಪಿಸಿದರು. 1931ರಲ್ಲಿ ಅದನ್ನು ಪುಸ್ತಕವಾಗಿ ತಂದರು. 1939ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಇನ್ನೊಂದು ದಾರಿ ತೋರಿಸಿದರು: ಊರಿನ ಕಸ, ಮಲ ಎರಡನ್ನೂ ಗುಂಡಿಯಲ್ಲಿ ಪದರ ಹಾಕಿ, ಮಣ್ಣು ಮೆತ್ತಿ, ಮಗುಚದೆ ತಿಂಗಳುಗಟ್ಟಲೆ ಬಿಡುವುದು. ಜಗತ್ತಿನ ಪಠ್ಯಗಳಲ್ಲಿ ಇವತ್ತಿಗೂ ಅದರ ಹೆಸರು 'ಬೆಂಗಳೂರು ವಿಧಾನ'. ಅದೇ ಬೆಂಗಳೂರು ಕಸಕ್ಕೆ ಹೆಸರಾದದ್ದನ್ನು ನೆನೆದರೆ ಸಂಕಟವಾಗುತ್ತದೆ.

ಆಚಾರ್ಯರ ಕಾಲದ ಕಸದಲ್ಲಿ ಇವತ್ತಿನಷ್ಟು ಪ್ಲಾಸ್ಟಿಕ್ ಇರಲಿಲ್ಲ. ಹೋದ ವಾರ ನಾನು ಗೊಬ್ಬರ ಜರಡಿ ಹಿಡಿದಾಗ ಕಪ್ಪು ಪುಡಿಯೆಲ್ಲ ಕೆಳಗಿಳಿದು, ಮೇಲೆ ಉಳಿದದ್ದು ಒಂದು ಮಾವಿನ ಓಟೆ, ಸೇಬಿನ ಮೇಲೆ ಅಂಟಿಸುವ ಎರಡು ಚೀಟಿ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು ಐದಾರು. ಆರು ತಿಂಗಳಾದರೂ ಮೂಲೆಯ ಮೇಲಿನ ನೀಲಿ ಬಣ್ಣ ಮಾಸಿರಲಿಲ್ಲ. ಹಸಿಕಸಕ್ಕೆ ಇಂಥ ಪ್ಲಾಸ್ಟಿಕ್ ಒಂದು ಹಿಡಿ ಬೆರೆತರೂ ಆ ಗೊಬ್ಬರ ರೈತನ ಹೊಲಕ್ಕೆ ಯೋಗ್ಯವಲ್ಲ.

ಪಕ್ಕದ ಮನೆಯಾಕೆಗೆ ನಾನು ಹೇಳಿದ್ದು ಇಷ್ಟು: ಎಲೆಯನ್ನು ಆಟೊಗೆ ಹಾಕಬೇಡಿ, ಬೆಂಕಿಯನ್ನೂ ಹಚ್ಚಬೇಡಿ, ಒಂದು ಗೋಣಿಚೀಲದಲ್ಲಿ ತುಂಬಿಡಿ. ತೂತಿರುವ ಮಡಕೆಯೊಂದನ್ನು ಇಟ್ಟುಕೊಂಡು, ಅಡುಗೆಮನೆಯ ಹಸಿಕಸ ಹಾಕಿದಾಗಲೆಲ್ಲ ಮೇಲೆ ಎರಡು ಹಿಡಿ ತರಗೆಲೆ ಹರಡಿ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಇರುವಂತೆ ಬಿಡಿ.