ದನದ ಮೈಮೇಲಿನ ಗಂಟು: ಕೇಳಿದ್ದೆಷ್ಟು, ನಿಜವೆಷ್ಟು

ಮಗ್ಗೆ, ಆಲೂರು, ಸಕಲೇಶಪುರದ ಕಡೆ ಮಳೆ ಹಿಡಿದರೆ ಕೊಟ್ಟಿಗೆಯಲ್ಲಿ ನೊಣ, ಸೊಳ್ಳೆ, ಉಣ್ಣೆಯ ಕಾಟ ಶುರುವಾಗುತ್ತದೆ. ಆ ಹೊತ್ತಿಗೆ ಹಸುವಿನ ಮೈಮೇಲೆ ಒಂದು ಗಂಟು ಕಂಡರೂ ಮನೆಯವರ ಎದೆ ಧಸಕ್ಕೆನ್ನುತ್ತದೆ. ಭಯಕ್ಕೆ ಕಾರಣವಿದೆ. ಇಂಥ ಕಚ್ಚುವ ಹುಳಗಳಿಂದ ಹರಡುವ ಚರ್ಮಗಂಟು ರೋಗ ಭಾರತದಲ್ಲಿ ಮೊದಲು ದೃಢಪಟ್ಟಿದ್ದು 2019ರಲ್ಲಿ, ಒಡಿಶಾದಲ್ಲಿ. ಮರುವರ್ಷವೇ ಕರ್ನಾಟಕಕ್ಕೂ ಬಂತು. 2022ರಲ್ಲಿ ಮತ್ತೆ ಹಬ್ಬಿದಾಗ ರಾಜ್ಯದ ಹಲವೆಡೆ ದನಗಳ ಸಂತೆ, ಜಾತ್ರೆ ನಿಲ್ಲಿಸಬೇಕಾಯಿತು. ರೋಗದ ಜೊತೆ ಹಬ್ಬಿದ ಮಾತುಗಳು ಮಾತ್ರ ಇನ್ನೂ ಊರೊಳಗೇ ಇವೆ. ಅವುಗಳಲ್ಲಿ ಕೆಲವು ದನದ ಜೀವಕ್ಕೇ ಎರವಾಗುವಂಥವು.

ನಂಬಿಕೆ: ಗಂಟೆದ್ದರೆ ಅದು ಚರ್ಮಗಂಟು ರೋಗವೇ.

ಎಲ್ಲ ಗಂಟೂ ಒಂದೇ ಅಲ್ಲ. ಹುಳ ಕಚ್ಚಿಯೋ ಮೇವು ಒಗ್ಗದೆಯೋ ಏಳುವ ದದ್ದು ಗಂಟೆಗಳಲ್ಲಿ ಮೈತುಂಬ ಎದ್ದು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಕರುಗಳ ಮೈಯಲ್ಲಿ, ಹಸುವಿನ ಮೊಲೆತೊಟ್ಟಿನಲ್ಲಿ ಕಾಣುವ ಒರಟು ನರಹುಲಿ ಬೇರೊಂದು ವೈರಸ್‌ನದು. ಹೆಚ್ಚಿನವು ಕೆಲವು ತಿಂಗಳಲ್ಲಿ ತಾವೇ ಉದುರುತ್ತವೆ. ಕೀವು ತುಂಬಿದ ಕುರು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ, ಮುಟ್ಟಿದರೆ ಬಿಸಿ.

ಚರ್ಮಗಂಟು ರೋಗದಲ್ಲಿ ಮೊದಲು ಬರುವುದು ಜ್ವರ, 104ರಿಂದ 106 ಡಿಗ್ರಿವರೆಗೂ ಏರಬಹುದು. ಕಣ್ಣು, ಮೂಗಿನಲ್ಲಿ ನೀರು ಸುರಿಯುತ್ತದೆ, ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ. ಭುಜದ ಮುಂದೆ ಕೈಯಾಡಿಸಿದರೆ ಊದಿದ ಗ್ರಂಥಿ ಬೆರಳಿಗೆ ಸಿಗುತ್ತದೆ. ಆಮೇಲೆ ಏಳುವ ಗಂಟುಗಳು ಅಡಿಕೆಯಷ್ಟು, ಕೆಲವು ಅದಕ್ಕೂ ದೊಡ್ಡವು: ದುಂಡಗೆ, ಗಟ್ಟಿಯಾಗಿ, ಚರ್ಮದ ಪೂರ್ತಿ ದಪ್ಪಕ್ಕೆ ಇಳಿದಿರುತ್ತವೆ. ಮೇಲಿನ ಕೂದಲು ನಿಮಿರಿ ನಿಂತಿರುತ್ತದೆ. ದಿನ ಕಳೆದಂತೆ ನಡುವಿನ ಚರ್ಮ ಸತ್ತು, ಬಿರಡೆಯಂತೆ ಕಳಚಿ, ಕೆಳಗೆ ಹಸಿ ಗುಳಿ ಉಳಿಯುತ್ತದೆ. ಗಂಗೆದೊಗಲು, ಕಾಲು ಊದುವುದೂ ಉಂಟು.

ನಂಬಿಕೆ: ಗಂಟು ಕೊಯ್ದರೆ ಅಥವಾ ಬರೆ ಹಾಕಿದರೆ ವಿಷ ಹೋಗುತ್ತದೆ.

ಇದು ನನಗೆ ಅತಿ ಹೆಚ್ಚು ಸಂಕಟ ಕೊಡುವ ನಂಬಿಕೆ. ಗಂಟಿನೊಳಗೆ ಹಿಂಡಿ ತೆಗೆಯುವಂಥದ್ದು ಏನೂ ಇಲ್ಲ. ಕೊಯ್ದ ಜಾಗ ನೊಣಕ್ಕೆ ಬಾಗಿಲು. ನಮ್ಮ ಮಳೆಯಲ್ಲಿ ಅಲ್ಲಿ ಹುಳ ಬೀಳುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಹಚ್ಚಿದರೆ ಇರುವ ಚರ್ಮವೂ ಸುಡುತ್ತದೆ. ಚರ್ಮಗಂಟು ರೋಗದ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ವೈದ್ಯರು ಕೊಡುವ ಆಂಟಿಬಯೋಟಿಕ್ ಹುಣ್ಣಿಗೆ ಸೇರುವ ಬ್ಯಾಕ್ಟೀರಿಯಾಕ್ಕೆ, ಉಳಿದವು ಜ್ವರ ಮತ್ತು ನೋವಿಗೆ. ಮನೆಯವರ ಕೈಯಲ್ಲಿರುವುದು ಶುಶ್ರೂಷೆ: ಒಡೆದ ಗಾಯ ತೊಳೆದು ಬೇವಿನೆಣ್ಣೆ, ಅರಿಶಿನ ಹಚ್ಚುವುದು, ಎಳೆ ಹುಲ್ಲು, ಗಂಜಿ, ಸಾಕಷ್ಟು ನೀರು ಕೊಡುವುದು. ಬಾಯಲ್ಲಿ ಹುಣ್ಣಾದ ದನಕ್ಕೆ ಒಣಹುಲ್ಲು ಹಾಕಿ ತಿನ್ನಲಿಲ್ಲವೆಂದರೆ ಏನು ಬಂತು?

ನಂಬಿಕೆ: ಹಾಲು ಕುಡಿದರೆ ನಮಗೂ ಬರುತ್ತದೆ.

ಬರುವುದಿಲ್ಲ. ಇದು ಮನುಷ್ಯರಿಗೆ ಅಂಟುವ ರೋಗವಲ್ಲ. ಚೆನ್ನಾಗಿ ಕಾಯಿಸಿದ ಹಾಲು ಕುಡಿಯಬಹುದು. ಔಷಧಿ ನಡೆಯುತ್ತಿರುವ ಹಸುವಿನದಾದರೆ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನೇ ಕೇಳಿ.

ನಂಬಿಕೆ: ಮಲೆನಾಡು ಗಿಡ್ಡಕ್ಕೆ ಏನೂ ಆಗುವುದಿಲ್ಲ, ಲಸಿಕೆ ಸೀಮೆಹಸುವಿಗೆ ಸಾಕು.

ಎಚ್‌ಎಫ್, ಜರ್ಸಿ ಹಸುಗಳು ಹೆಚ್ಚು ನರಳುತ್ತವೆ ಎಂಬುದು ನಿಜ. ಆದರೆ 2022ರಲ್ಲಿ ರಾಜಸ್ಥಾನ, ಗುಜರಾತಿನಲ್ಲಿ ಸತ್ತವುಗಳಲ್ಲಿ ನಾಟಿ ದನಗಳೂ ಬಹಳ. ಕಾಡಂಚಿಗೆ ಮೇಯಲು ಹೋಗಿ ಮೈತುಂಬ ಉಣ್ಣೆ ಹೊತ್ತು ಬರುವ ಗಿಡ್ಡವನ್ನು ಬಿಟ್ಟು ಲಸಿಕೆ ಹಾಕಿಸುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಸಿದ್ದು ಮೇಕೆ ಸಿಡುಬಿನ ಲಸಿಕೆ. ಅದು ಕೆಲಸ ಮಾಡಲು ಸುಮಾರು ಮೂರು ವಾರ ಬೇಕು. ಆ ನಡುವೆ ಗಂಟೆದ್ದರೆ ಜನ ಲಸಿಕೆಯನ್ನೇ ದೂರುತ್ತಾರೆ, ರೋಗ ಮೊದಲೇ ಒಳಗೆ ಸೇರಿದ್ದಿರಬಹುದು ಎಂಬುದು ಹೊಳೆಯುವುದಿಲ್ಲ.

ಗಂಟಿನ ಜೊತೆ ಜ್ವರವೂ ಇದ್ದರೆ ಆ ದನವನ್ನು ಅಂದೇ ಬೇರೆ ಕಟ್ಟಿ, ಮೇವು ನೀರು ಬೇರೆ ಮಾಡಿ. ಅದನ್ನು ಕೊನೆಗೆ ಕರೆದು ಕೈ ತೊಳೆಯಿರಿ. ಕಚ್ಚುವ ನೊಣ ಹುಟ್ಟುವುದು ಕೊಳೆತ ಹುಲ್ಲು, ಸಗಣಿಯಲ್ಲಿ. ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಸರಿಸಿ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ. ಪಶು ಸಂಜೀವಿನಿ ಆಂಬುಲೆನ್ಸ್ ಕರೆಯಲು 1962ಕ್ಕೆ ಫೋನ್ ಮಾಡಿದರೆ ಸಾಕು.