ನಾಲ್ವರ ಮುಂದಿನ ಮಾನ

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟ್ ನಿಲ್ದಾಣದಲ್ಲಿ ಸಂಜೆ ಬಸ್ಸಿಗೆ ಕಾಯುವವರಿಗೆ ಅಪರಿಚಿತವಲ್ಲದ ದೃಶ್ಯವಿದು. ಮಗು ಬಾಳೆಹಣ್ಣು ತಿಂದು ಸಿಪ್ಪೆಯನ್ನು ದಾರಿಯಲ್ಲೇ ಎಸೆಯುತ್ತದೆ. ಸುತ್ತಲಿನವರು ತಿರುಗಿ ನೋಡುತ್ತಾರೆ. ತಂದೆಯೋ ತಾಯಿಯೋ ಮಗುವಿನ ರಟ್ಟೆ ಹಿಡಿದೆಳೆದು, ‘ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯುತ್ತೀಯಾ?’ ಎಂದು ಗದರುತ್ತಾರೆ. ಮಗು ಅಳುತ್ತದೆ, ಸಿಪ್ಪೆ ಬಿದ್ದಲ್ಲಿಯೇ ಇರುತ್ತದೆ.

ಆ ಗದರಿಕೆಯಲ್ಲಿರುವ ‘ಮಾನ’ ಎಂಬ ಪದ ವಿಚಾರಯೋಗ್ಯವಾದುದು. ಲೋಕರೂಢಿಯಲ್ಲಿ ಮಾನವೆಂದರೆ ಮರ್ಯಾದೆ. ಜೈನ ಸಿದ್ಧಾಂತದಲ್ಲಾದರೋ ಅದು ಕ್ರೋಧ, ಮಾನ, ಮಾಯಾ, ಲೋಭವೆಂಬ ನಾಲ್ಕು ಕಷಾಯಗಳಲ್ಲೊಂದು; ಆತ್ಮನನ್ನು ಕರ್ಮಕ್ಕೆ ಕಟ್ಟಿಹಾಕುವ ಅಹಂಕಾರ. ನಾವು ಮಗುವನ್ನು ತಿದ್ದುತ್ತಿರುವುದು ಅದರ ಹಿತಕ್ಕಾಗಿಯೋ, ನೋಯಿಸಿಕೊಂಡ ನಮ್ಮ ಅಹಂಕಾರದ ಸಮಾಧಾನಕ್ಕಾಗಿಯೋ? ಎರಡನೆಯದಾದರೆ ಮಗು ಕಲಿಯುವುದು ಇಷ್ಟೇ: ನೋಡುವವರಿದ್ದಾಗ ಚೆನ್ನಾಗಿ ನಡೆಯಬೇಕು, ಯಾರೂ ಇಲ್ಲದಿದ್ದಾಗ ಹೇಗಿದ್ದರೂ ಆದೀತು. ಇದು ಸದಾಚಾರವಲ್ಲ, ಮಾಯಾಚಾರದ ಮೊದಲ ಪಾಠ.

ಹಾಗಾದರೆ ಕಲಿಸಬೇಕಾದುದೇನು? ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 9ನೇ ಅಧ್ಯಾಯದಲ್ಲಿ ಹೇಳಿದ 5 ಸಮಿತಿಗಳಲ್ಲಿ ಇದಕ್ಕೆ ಉತ್ತರವಿದೆ. ಈರ್ಯಾ ಸಮಿತಿಯೆಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಜೀವಿಗಳಿಗೆ ಬಾಧೆಯಾಗದಂತೆ ನಡೆಯುವುದು. ಭಾಷಾ ಸಮಿತಿಯೆಂದರೆ ಹಿತವಾಗಿ, ಮಿತವಾಗಿ, ಪ್ರಿಯವಾಗಿ ನುಡಿಯುವುದು. ಏಷಣಾ ಸಮಿತಿ ನಿರ್ದೋಷವಾದ ಆಹಾರದ ಸ್ವೀಕಾರ. ಆದಾನ-ನಿಕ್ಷೇಪಣ ಸಮಿತಿ ವಸ್ತುಗಳನ್ನು ನೋಡಿ ಎತ್ತುವ, ನೋಡಿ ಇಡುವ ಎಚ್ಚರ. ದಿಗಂಬರ ಮುನಿಗಳ ಕೈಯ ನವಿಲುಗರಿಯ ಪಿಂಛಿ ಇರುವುದೇ ಇದಕ್ಕಾಗಿ. ಉತ್ಸರ್ಗ ಸಮಿತಿ ತ್ಯಾಜ್ಯವನ್ನು ಜೀವಬಾಧೆಯಿಲ್ಲದ ಸ್ಥಳದಲ್ಲಿ ವಿಸರ್ಜಿಸುವುದು.

ಇವು ಮುನಿಗಳಿಗೆ ವಿಧಿಸಿದವು, ನಿಜ. ಆದರೆ ಶ್ರಾವಕರೂ ಯಥಾಶಕ್ತಿ ಅನುಸರಿಸಿದರೆ ಬೀದಿಯ ಸಭ್ಯತೆಯೆಲ್ಲ ಇವುಗಳಲ್ಲೇ ಅಡಗಿದೆ. ತಳ್ಳದೆ ನಡೆಯುವುದು ಈರ್ಯೆ. ಬಸ್ಸಿನಲ್ಲಿ ಕೂಗಾಡದಿರುವುದು ಭಾಷೆ. ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕುವುದು ಉತ್ಸರ್ಗ. ಪ್ರಮಾದದಿಂದ ಜೀವಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ಅದೇ ಗ್ರಂಥ ಹೇಳುತ್ತದೆ. ‘ಯಾರಾದರೂ ನೋಡುತ್ತಾರೆ’ ಎನ್ನುವ ಬದಲು ‘ಅಜ್ಜಿಯೊಬ್ಬರು ಕಾಲಿಟ್ಟರೆ ಜಾರುತ್ತಾರೆ, ಇರುವೆಗಳು ಮುತ್ತಿ ಜನರ ಕಾಲಡಿ ಸಾಯುತ್ತವೆ’ ಎಂದರೆ ಮಗುವಿಗೆ ಅರ್ಥವಾಗುತ್ತದೆ. ಆಗ ಶಿಸ್ತು ಭಯದಿಂದಲ್ಲ, ದಯೆಯಿಂದ ಹುಟ್ಟುತ್ತದೆ.

ಭಾಷಾ ಸಮಿತಿ ಮೊದಲು ಅನ್ವಯಿಸಬೇಕಾದುದು ತಿದ್ದುವವರಿಗೆ. ಸಾರ್ವಜನಿಕವಾಗಿ ಅವಮಾನಿತವಾದ ಮಗುವೂ ನೊಂದ ಜೀವವೇ. ಗದರುವ ಬದಲು ಬಾಗಿ, ಮಗುವಿನೊಡನೆ ಆ ಸಿಪ್ಪೆಯನ್ನು ಎತ್ತಿದರೆ ಸಾಕು. ಬಾಗುವುದೇ ಮಾರ್ದವ, ದಶಲಕ್ಷಣ ಧರ್ಮಗಳಲ್ಲಿ ಮಾನಕಷಾಯಕ್ಕೆ ಹೇಳಿದ ಮದ್ದು ಅದು.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ನಾವು ಬಂಧುಮಿತ್ರರಲ್ಲಿ ಕ್ಷಮೆ ಬೇಡುತ್ತೇವೆ. ಮನೆಯ ಮಕ್ಕಳ ಮುಂದೆ ಕೈಮುಗಿದವರು ಎಷ್ಟು ಮಂದಿ? ‘ಅಂದು ಎಲ್ಲರ ಮುಂದೆ ನಿನ್ನನ್ನು ಗದರಿದೆ, ತಪ್ಪಾಯಿತು ಮಗೂ’ ಎಂದು ಹೇಳಲು ಆ ದಿನಕ್ಕಾಗಿ ಕಾಯಬೇಕಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದು ಮಾನ ಕಳೆಯುವ ಕೆಲಸವಲ್ಲವೆಂದು ಮಗು ಅಂದೇ ಕಲಿಯುತ್ತದೆ.