ಪೇಟೆ ಕಸ: ಯಾರು ಯಾರಿಗೆ ದುಡ್ಡು ಕೊಡಬೇಕು?

ಪೇಟೆ ಕಸದ ಗೊಬ್ಬರಕ್ಕೆ ರೈತ ದುಡ್ಡು ಕೊಡಬೇಕೋ, ಒಯ್ದದ್ದಕ್ಕೆ ಪೇಟೆಯವರೇ ರೈತನಿಗೆ ಕೊಡಬೇಕೋ? ನಮ್ಮ ಕಡೆ ಈ ಪ್ರಶ್ನೆ ಎದ್ದಿದೆ. ಹತ್ತಿರದ ಪುರಸಭೆಯವರು ಕಂಪೋಸ್ಟ್ ಮಾರ್ತೀವಿ ಅಂತಾರೆ. ಒಯ್ಯೋರು ಕಮ್ಮಿ. ನನ್ನದು 6 ಎಕರೆ ಎರೆ ಹೊಲ, ಮಳೆ ನಂಬಿದ ಬೇಸಾಯ. ಜೋಳ, ಕಡಲೆ, ಹತ್ತಿ ಬೆಳೀತೀನಿ. ನಾಲ್ಕು ವರ್ಷ ಈ ಗೊಬ್ಬರ ಹಾಕಿ ಕಂಡುಕೊಂಡ ಲೆಕ್ಕ ಇಲ್ಲಿದೆ.

ಆಗ ಹರಾಜು ಆಗ್ತಿತ್ತು

ಕಸಕ್ಕೆ ಬೆಲೆ ಇಲ್ಲ ಅನ್ನೋದು ಇತ್ತೀಚಿನ ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆಯ ಕಸದ ಗುಂಡಿಗಳನ್ನು ಹರಾಜು ಹಾಕುತ್ತಿದ್ದರು. ಸುತ್ತಲಿನ ರೈತರು ದುಡ್ಡು ಕೊಟ್ಟು ಹಿಡಿದು ಹೊಲಕ್ಕೆ ಒಯ್ಯುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ಕು, ಗಾಜು, ಆಸ್ಪತ್ರೆ ಕಸ ಎಲ್ಲಾ ಒಂದೇ ಗುಂಡಿಗೆ ಬಿತ್ತು. ಆರಿಸುವ ಕೂಲಿ ಏರಿತು, ಸರ್ಕಾರಿ ಗೊಬ್ಬರ ಸುಲಭಕ್ಕೆ ಸಿಕ್ಕಿತು. 1990ರ ದಶಕದ ಕೊನೆ ಹೊತ್ತಿಗೆ ಕೊಳ್ಳುವವರು ತಗ್ಗಿದ್ದರು. ರೈತನಿಗೆ ಗೊಬ್ಬರ ಬೇಡವಾಗಿದ್ದಲ್ಲ. ಬೆರಕೆ ಬೇಡವಾಗಿತ್ತು.

ಟನ್ನಿಗೆ ಎಷ್ಟು ಬೆಲೆ?

ಪೇಟೆ ಕಸದ ಕಂಪೋಸ್ಟಿನಲ್ಲಿ ಸಾರಜನಕ ಕನಿಷ್ಠ ಶೇ. 0.8, ರಂಜಕ ಶೇ. 0.4, ಪೊಟ್ಯಾಷ್ ಶೇ. 0.4 ಇರಬೇಕು ಅಂತ ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಅಂದರೆ ಒಂದು ಟನ್ನಿನಲ್ಲಿ 8 ಕಿಲೋ ಸಾರಜನಕ, 4 ಕಿಲೋ ರಂಜಕ, 4 ಕಿಲೋ ಪೊಟ್ಯಾಷ್.

45 ಕಿಲೋ ಯೂರಿಯಾ ಚೀಲಕ್ಕೆ 266 ರೂ. 50 ಪೈಸೆ, 50 ಕಿಲೋ ಡಿಎಪಿಗೆ 1,350 ರೂ. ಹಿಡಿದರೆ 8 ಕಿಲೋ ಸಾರಜನಕಕ್ಕೆ ಸುಮಾರು 100 ರೂ., 4 ಕಿಲೋ ರಂಜಕಕ್ಕೆ 215 ರೂ. ಪೊಟ್ಯಾಷ್ ಸೇರಿಸಿದರೆ ಒಟ್ಟು 500ರ ಆಸುಪಾಸು. ಕಂಪೋಸ್ಟಿನ ಸಾರಜನಕ ಮೊದಲ ವರ್ಷ ಎಲ್ಲಾ ಸಿಗೋದೂ ಇಲ್ಲ.

ಇನ್ನು ಸಾಗಾಟ. ಪೇಟೆಯಿಂದ ನಮ್ಮ ಹೊಲಕ್ಕೆ 22 ಕಿಲೋಮೀಟರ್. ಟ್ರ್ಯಾಕ್ಟರ್ ಬಾಡಿಗೆ 1,800 ರೂ., ಒಂದು ಸಲಕ್ಕೆ 3 ಟನ್. ಟನ್ನಿಗೆ 600 ರೂ. ಬಿತ್ತು. ಗೊಬ್ಬರ ಪುಕ್ಕಟೆ ಕೊಟ್ಟರೂ ಬಾಡಿಗೆಯೇ ಸತ್ವದ ಬೆಲೆಗಿಂತ ಹೆಚ್ಚು!

ಹಂಗಾದರೆ ಯಾಕೆ ಹಾಕ್ತೀಯ ಅಂತ ಕೇಳಬಹುದು. ನಮ್ಮಂಥ ಒಣ ಬೇಸಾಯದವರಿಗೆ ಹೊಲದಲ್ಲಿ ಹಸಿ ನಿಲ್ಲಬೇಕು. ಈಗ ಮನೆಯಲ್ಲಿ ಎರಡೇ ಎತ್ತು, ತಿಪ್ಪೆ ಸಣ್ಣದಾಗಿದೆ. ಎಕರೆಗೆ 2 ಟನ್ ಹಾಕಿದ ಪಟ್ಟಿಯಲ್ಲಿ ನೆಲ ಹುಡಿಯಾಗಿದೆ, ಬಿರುಕು ತಡವಾಗಿ ಬಿಡುತ್ತದೆ, ಹಿಂಗಾರಿ ಜೋಳ ಬಾಡೋದು ನಾಲ್ಕಾರು ದಿನ ಮುಂದೆ ಹೋಗುತ್ತದೆ. ಯೂರಿಯಾ ಚೀಲ ಈ ಕೆಲಸ ಮಾಡೋದಿಲ್ಲ.

ಎರಡು ಥರದ ಲೋಡು

ಮೊದಲ ವರ್ಷದ್ದು ಬೆರಕೆ ಕಸದ್ದು. ಆರಿಸೋಕೆ ಇಬ್ಬರು ಹೆಣ್ಣಾಳು ಒಂದು ದಿನ, 700 ರೂ. ಖರ್ಚು. ಆದರೂ ಒಂದು ಗಾಜಿನ ಚೂರು ಉಳಿದು ಬಿತ್ತನೆ ಹೊತ್ತಿನಲ್ಲಿ ಎತ್ತಿನ ಕಾಲು ಕುಯ್ದಿತು. ಎಂಟು ದಿನ ಎತ್ತು ಕಟ್ಟಿ ಹಾಕಿ ಬಾಡಿಗೆ ಎತ್ತು ಹೂಡಿದೆ.

ಮೂರನೇ ವರ್ಷ ಮನೆಯಲ್ಲೇ ಬೇರೆ ಮಾಡಿದ ಎರಡು ಬಡಾವಣೆಯ ಹಸಿ ಕಸದ ಗೊಬ್ಬರ ಸಿಕ್ಕಿತು. ಆರಿಸುವ ಕೂಲಿ ಸೊನ್ನೆ. ಗೊಬ್ಬರಕ್ಕೆ ಬೆಲೆ ಬರೋದು ಯಂತ್ರದಲ್ಲಿ ಅಲ್ಲ, ಅಡುಗೆಮನೆ ಬಾಗಿಲಲ್ಲಿ.

ಶುಲ್ಕ ಹೆಂಗಿರಬೇಕು?

ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಅಂತ ಬೇರೆ ಮಾಡಬೇಕು, ಸೇವೆಗೆ ಶುಲ್ಕ ತಗೋಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಟ್ಟಡದ ಅಳತೆ ನೋಡಿ ಮನೆಗೆ ತಿಂಗಳಿಗೆ 10ರಿಂದ 400 ರೂ.ವರೆಗೆ ಶುಲ್ಕ ತಂದರು, ಆಸ್ತಿ ತೆರಿಗೆ ಜೊತೆ ವಸೂಲಿ. ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ. ಅಲ್ಲಿ ಹಳ್ಳಿ ಮನೆಗೆ ತಿಂಗಳಿಗೆ 50, ಪೇಟೆ ಮನೆಗೆ 70 ರೂ. ಅಂತ ಗೊತ್ತುಮಾಡಿದರು.

ಮನೆಯ ಅಳತೆ ನೋಡಿದರೆ ಬಡವನಿಗೆ ಹಗುರ, ಸರಿಯೇ. ಆದರೆ ಬೇರೆ ಮಾಡಿ ಕೊಟ್ಟವನಿಗೂ ಬೆರೆಸಿ ಕೊಟ್ಟವನಿಗೂ ಒಂದೇ ರೇಟಾದರೆ ಬೇರೆ ಮಾಡೋದು ಯಾಕೆ? ಬೇರೆ ಮಾಡಿದವನಿಗೆ ಕಮ್ಮಿ, ಬೆರೆಸಿದವನಿಗೆ ದುಪ್ಪಟ್ಟು ಇರಲಿ. ರಟ್ಟು, ಕಬ್ಬಿಣ, ಬಾಟಲಿ ಮಾರಿದರೆ ದುಡ್ಡು ಬರುತ್ತದೆ, ತೆಳು ಕವರಿಗೆ ಗುಜರಿಯವನೂ ಕೈ ಒಡ್ಡೋದಿಲ್ಲ. ಹಂಗಾಗಿ ಮಾರಾಟದ ದುಡ್ಡಿನಲ್ಲೇ ಎಲ್ಲಾ ನಡೀತದೆ ಅನ್ನೋದು ಸುಳ್ಳು. ಕಸ ಎತ್ತುವವರ ಕೂಲಿ, ಹೊಲದವರೆಗಿನ ಸಾಗಾಟ ಎರಡೂ ಶುಲ್ಕದಿಂದಲೇ ಹೋಗಬೇಕು. ಪೇಟೆ ಸ್ವಚ್ಛ ಮಾಡುವ ಖರ್ಚನ್ನು ರೈತನ ಟ್ರಾಲಿ ಬಾಡಿಗೆಗೆ ಹೇರಬಾರದು.

ಒಯ್ಯುವ ಮುಂಚೆ

* ಕೈಯಿಟ್ಟು ನೋಡಿ. ಬಿಸಿ ಇದ್ದರೆ, ನಾತ ಬಂದರೆ ಇನ್ನೂ ಕಳಿತಿಲ್ಲ. ಒಯ್ಯಬೇಡಿ.
* ಒಂದು ಪುಟ್ಟಿ ಸುರಿದು ಪ್ಲಾಸ್ಟಿಕ್ಕು, ಗಾಜು ಹುಡುಕಿ.
* ಪರೀಕ್ಷೆಯ ವರದಿ ಕೇಳಿ. ಸೀಸ ಕಿಲೋಗೆ 100 ಮಿಲಿಗ್ರಾಂ ದಾಟಬಾರದು. ಒಮ್ಮೆ ಮಣ್ಣಿಗೆ ಸೇರಿದ್ದನ್ನು ತೆಗೆಯೋಕಾಗಲ್ಲ.
* ಮೊದಲು ಅರ್ಧ ಎಕರೆಗೆ ಹಾಕಿ ನೋಡಿ.

ಹೊಲದ ಬದುವಿಗೆ ಬಂದು ಬಿದ್ದ ಶುದ್ಧ ಗೊಬ್ಬರಕ್ಕೆ ಟನ್ನಿಗೆ 500 ರೂ. ಕೊಡೋಕೆ ನಾನು ತಯಾರು. ಬೆರಕೆಯನ್ನು ಪುಕ್ಕಟೆ ಕೊಟ್ಟರೂ ಒಲ್ಲೆ. ನಮ್ಮೂರಿನ ಹನ್ನೊಂದು ರೈತರು ಇದನ್ನೇ ಬರೆದು ಪುರಸಭೆಗೆ ಅರ್ಜಿ ಕೊಟ್ಟಿದ್ದೇವೆ. ನಿಮ್ಮ ಕಡೆ ರೇಟು, ಸಾಗಾಟ ಹೆಂಗಿದೆ? ಪತ್ರಿಕೆಗೆ ಬರೆಯಿರಿ.